ಎಲ್ಲಾರ್ಕಿಂತ ಹಿಂದಿನ ಗಾಡಿ

ಹುಬ್ಬಳ್ಳಿ-ಧಾರವಾಡದಾಗ ಬೈಕಿನ ಹುಚ್ಚಿರೋ ಮಂದಿಗೆ ಭಾನುವಾರ ಅಂದ್ರ ಪಡುವಣ ದಿಕ್ಕು. ಹಳಿಯಾಳ ದಾಟಿ ದಾಂಡೇಲಿ, ಇಲ್ಲಾಂದ್ರ ಕಲಘಟಗಿ-ಯಲ್ಲಾಪುರ ಹಿಡದು ಅರಬೈಲ್ ಘಾಟ್, ಇನ್ನೂ ಹುರುಪು ಇದ್ರ ಜೋಯಿಡಾ ಮ್ಯಾಲಿಂದ ಅಣಶಿ ಇಳದು ಕದ್ರಾ ಮಟ. ಆ ಕಾಡು, ಆ ಮಳಿ, ಆ ತಿರುವು ನನಗೂ ಜೀವ. ಆದ್ರ ಒಬ್ಬಾಂವ ಹೋಗೋದು ಬ್ಯಾರೆ, ಕ್ಲಬ್ಬಿನ ಇಪ್ಪತ್ತರ ಆಜುಬಾಜು ಗಾಡಿ ಕೂಡಿ ಹೋಗೋದು ಬ್ಯಾರೆ. ಕ್ಲಬ್ ರೈಡ್ ಎಲ್ಲಿಗೆ ಅಂತ ಮಾತು ಬಂದಾಗೆಲ್ಲ ನಾನು ಮೂಡಣಕ್ಕ ಕೈ ಮಾಡ್ತೀನಿ. ಗದಗ, ಡಂಬಳ, ಡೋಣಿ, ಕಪ್ಪತಗುಡ್ಡ, ಆ ಕಡೆ ಇಳದು ಶಿರಹಟ್ಟಿ, ಲಕ್ಷ್ಮೇಶ್ವರ, ಕುಂದಗೋಳ, ವಾಪಸ್ ಹುಬ್ಬಳ್ಳಿ. ಸುತ್ತ ಹಾಕ್ಕೊಂಡು ಬಂದ್ರ ಹೆಚ್ಚುಕಮ್ಮಿ 200 ಕಿಲೋಮೀಟರ್, ಮುಂಜಾನೆ ಹೋಗಿ ಸಂಜೀಕ ಮನಿ ಮುಟ್ಟಬಹುದು.

"ಅಣ್ಣಾರ, ಅಲ್ಲೇನ್ ಐತ್ರಿ, ಬೋಳು ಗುಡ್ಡ, ಮ್ಯಾಲೆ ಗಾಳಿ ಫ್ಯಾನು" ಅಂತಾರ ಹುಡುಗ್ರು. ಅವರಿಗೆ ನಾ ಹೇಳೋದು ಇಷ್ಟ, ಕ್ಲಬ್ ರೈಡ್ ಚೊಲೊ ಆತೋ ಇಲ್ಲೋ ಅನ್ನೋದನ್ನ ಮುಂದ ಹೋದಾಂವನ್ನ ಕೇಳಬ್ಯಾಡ್ರಿ, ಎಲ್ಲಾರ್ಕಿಂತ ಹಿಂದ ಬಂದಾಂವನ್ನ ಕೇಳ್ರಿ. ಅಂವ ಖುಷಿಯಿಂದ ಬಂದಿದ್ರ ಆ ರೈಡ್ ಗೆದ್ದಂಗ. ಅಂವ ಮಾರಿ ಬಿಳುಪ ಮಾಡ್ಕೊಂಡು, ಭುಜ ಬಿಗಿಯಾಗಿ, ನೀರು ಕುಡಿಯಾಕೂ ಮಾತಾಡದ ಬಂದು ನಿಂತ್ರ, ಮುಂದಿನವರು ಎಷ್ಟ ಮಜಾ ಮಾಡಿದ್ರೂ ಅದು ಕ್ಲಬ್ ರೈಡ್ ಅಲ್ಲ, ಒಂದ ದಿನ ಒಂದ ರಸ್ತಾದಾಗ ಬ್ಯಾರೆ ಬ್ಯಾರೆ ಹೋದ ಇಪ್ಪತ್ತು ಮಂದಿ ಅಷ್ಟ.

ನಾನು ಹೆಚ್ಚಾಗಿ ಸ್ವೀಪ್ ಇರ್ತೀನಿ. ಸ್ವೀಪ್ ಅಂದ್ರ ಲೈನಿನ ಕೊನೀ ಗಾಡಿ, ಅವನ ಹಿಂದ ಕ್ಲಬ್ಬಿನವರು ಯಾರೂ ಇರಬಾರದು. ಪಾನಾ, ಪಂಕ್ಚರ್ ಕಿಟ್, ಗಾಳಿ ಪಂಪ್, ಫಸ್ಟ್ ಏಡ್ ಡಬ್ಬಿ ಎಲ್ಲಾ ಅವನ ಹಂತೇಕ. ಯಾರದರ ಗಾಡಿ ನಿಂತ್ರ ಅಂವನೂ ನಿಲ್ಲಬೇಕು, ಯಾರಿಗರ ತ್ರಾಸ ಆದ್ರ ಅಂವಗ ಮೊದಲ ಗೊತ್ತಾಗ್ತೈತಿ. ಈ ಜಾಗಾ ನಾನ ಕೇಳಿ ತಗೊಂಡಿದ್ದು. ಇಲ್ಲಿಂದ ಇಡೀ ಕ್ಲಬ್ ಕಾಣಸ್ತೈತಿ, ಯಾರು ಹೆಂಗ ಬ್ರೇಕ್ ಹಿಡೀತಾರ, ಯಾರು ತಿರುವಿನ್ಯಾಗ ಹೆದರ್ತಾರ, ಯಾರು ನಿದ್ದಿಗೆಟ್ಟು ಬಂದಾರ, ಎಲ್ಲಾ.

ಹಿಂದಿನಾಂವಗ ಯಾಕ ತ್ರಾಸ ಆಗ್ತೈತಿ ಅನ್ನೋದು ಮುಂದ ಇರೋವರಿಗೆ ಭಾಳ ಸಲ ತಿಳಿಯೂದ ಇಲ್ಲ, ಅದಕ್ಕ ಬಿಡಿಸಿ ಹೇಳ್ತೀನಿ. ಲೀಡ್, ಅಂದ್ರ ಎಲ್ಲಾರ ಮುಂದಿನ ಗಾಡಿಯಾಂವ, 60ರಾಗ ಹೊಂಟಾನ ಅನ್ರಿ. ಊರ ಬಂತು, ಹಂಪ್ ಬಂತು, 20ಕ್ಕ ಇಳಿಸಿದ, ದಾಟಿದ, ದಾಟಿದ ಕೂಡ್ಲೆ ಮತ್ತ 60 ಮಾಡಿದ. ಆ ಹೊತ್ತಿಗೆ ನಡುವಿನ ಗಾಡಿ ಇನ್ನೂ ಹಂಪಿನ ಮ್ಯಾಲ ಅದಾವ, ಕೊನೀ ಗಾಡಿ ಊರ ಒಳಗೂ ಬಂದಿಲ್ಲ. ಲೀಡಂವ ಸುಮ್ನ 60ರಾಗ ಅದಾನ, ಅಂವಗ ತಾನು ಸಾವಕಾಶ ಹೊಂಟೀನಿ ಅಂತನ ಅನಸ್ತೈತಿ, ಆದ್ರ ಕೊನೆಯಾಂವ ಲೈನ್ ಕೂಡ್ಕೋಬೇಕಂದ್ರ 80, 90 ಹೊಡೀಬೇಕು, ಅದೂ ಗೊತ್ತಿಲ್ಲದ ರಸ್ತಾದಾಗ. ಒಂದ ಹಂಪಿಗೆ ಹಿಂಗಾದ್ರ ದಿನಕ್ಕ ಎಷ್ಟ ಹಂಪು, ಎಷ್ಟ ತಿರುವು ಲೆಕ್ಕ ಹಾಕ್ರಿ. ಸಾಮಾನ್ಯವಾಗಿ ಕೊನಿಗೆ ಇರೋರು ಹೊಸಬ್ರು, ಸಣ್ಣ ಗಾಡಿಯವರು. ಅಂದ್ರ ಎಲ್ಲಾರ್ಕಿಂತ ಕಮ್ಮಿ ಅನುಭವ ಇರೋರು ಎಲ್ಲಾರ್ಕಿಂತ ಜೋರ ಹೊಡಿಯೋ ಪರಿಸ್ಥಿತಿ. ಘಾಟಿನ್ಯಾಗ ಇದು ಇನ್ನೂ ಕೆಟ್ಟದು, ಅಲ್ಲೆ ಮುಂದಿನ ಗಾಡಿ ಒಂದ ತಿರುವು ದಾಟಿತು ಅಂದ್ರ ಕಣ್ಣಿಗೆ ಬೀಳೂದಿಲ್ಲ, ಮೊಬೈಲ್ ನೆಟ್‌ವರ್ಕೂ ಇರೂದಿಲ್ಲ, ನಾ ಒಬ್ಬಾಂವ ಹಿಂದ ಉಳದೆ ಅನ್ನೋ ಹೆದರಿಕಿಗೆ ಹುಡುಗ್ರು ತಮ್ಮ ಕೈ ಮೀರಿ ಎಕ್ಸಲೇಟರ್ ತಿರುವ್ತಾರ. ಗ್ರೂಪ್ ರೈಡಿನ್ಯಾಗ ಬೀಳೋದು ಬಹಳಷ್ಟು ಹಿಂಗನ.

ಇದಕ್ಕ ನಮ್ಮ ಕ್ಲಬ್ಬಿನ್ಯಾಗ ಇಂಟರ್ಕಾಮ್ ಗಿಂಟರ್ಕಾಮ್ ಏನೂ ಇಲ್ಲ, ಒಂದ ನಿಯಮ ಐತಿ. ನಿನ್ನ ಹಿಂದಿನ ಗಾಡಿಯ ಹೆಡ್‌ಲೈಟ್ ನಿನ್ನ ಕನ್ನಡ್ಯಾಗ ಕಾಣಬೇಕು, ಕಾಣಲಿಲ್ಲಾ ಅಂದ್ರ ಸ್ಲೋ ಮಾಡು. ಮುಂದಿನ ಗಾಡಿ ದೂರ ಹೋದ್ರ ಹೋಗ್ಲಿ, ನಿನ್ನ ಜವಾಬ್ದಾರಿ ಹಿಂದಿಂದು. ಇಷ್ಟ ಮಾಡಿದ್ರ ಏನಾಗ್ತೈತಿ ನೋಡ್ರಿ, ಕೊನೀ ಗಾಡಿ ನಿಂತ್ರ ಅದರ ಮುಂದಿಂದು ಸ್ಲೋ ಆಗ್ತೈತಿ, ಅದು ಸ್ಲೋ ಆಗಿದ್ದಕ್ಕ ಅದರ ಮುಂದಿಂದು, ಹಂಗ ಒಂದ ಎರಡ ನಿಮಿಷದಾಗ ಸುದ್ದಿ ಲೀಡ್ ಮಟ ಮುಟ್ಟತೈತಿ, ಯಾರೂ ಯಾರಿಗೂ ಫೋನ್ ಮಾಡದ. ಎಷ್ಟ ಸಲ ನೋಡಿದ್ರೂ ನನಗ ಇದು ಖುಷಿ ಕೊಡೋ ಸಂಗತಿ. ಇಪ್ಪತ್ತು ಮಂದಿ ತಮ್ಮ ತಮ್ಮ ಹಿಂದಿನ ಒಬ್ಬರನ್ನ ಮಾತ್ರ ನೋಡ್ಕೊಂಡ್ರ ಸಾಕು, ಎಲ್ಲಾರೂ ಎಲ್ಲಾರನ್ನ ನೋಡ್ಕೊಂಡಂಗ ಆತು.

ಇನ್ನೊಂದು ಕ್ರಾಸಿಗೆ ನಿಲ್ಲೋ ಪದ್ಧತಿ. ಲೀಡ್ ಒಂದ ಕೂಡು ರಸ್ತಾದಾಗ ತಿರುಗಿದ್ರ, ಅವನ ಹಿಂದಿನ ಎರಡನೇ ಗಾಡಿ ಅಲ್ಲೇ ಸೈಡಿಗೆ ನಿಲ್ಲತೈತಿ, ಬಂದವರಿಗೆಲ್ಲಾ ಕೈ ಮಾಡಿ ದಾರಿ ತೋರಸ್ತೈತಿ, ಸ್ವೀಪ್ ಕಂಡ ಮ್ಯಾಲ ಅವನ ಮುಂದ ಲೈನಿಗೆ ಸೇರ್ತೈತಿ. ಮುಂದಿನ ಕ್ರಾಸಿಗೆ ಈಗ ಎರಡನೇ ನಂಬರಿಗೆ ಬಂದಾಂವ ನಿಲ್ತಾನ. ಹಿಂಗ ಜಾಗಾ ತಿರಗ್ತಾ ತಿರಗ್ತಾ ಮುಂದಿನವರೆಲ್ಲಾ ದಿನದಾಗ ಒಮ್ಮೆರ ಹಿಂದ ಬರ್ತಾರ, ಹಿಂದಿನವರು ಲೀಡಿನ ಬೆನ್ನಿಗೆ ಹೋಗ್ತಾರ. ದಾರಿ ತಪ್ಪೂದಿಲ್ಲ ಅನ್ನೋದು ಒಂದ ಲಾಭ, ಜೋರ ಓಡ್ಸೋ ಹುಡುಗ ಹಿಂದ ಬಂದು ಅಲ್ಲಿ ಹೆಂಗ ಇರ್ತೈತಿ ಅಂತ ತಾನ ನೋಡ್ತಾನ ಅನ್ನೋದು ಅದಕಿಂತ ದೊಡ್ಡ ಲಾಭ.

ಈ ಸಲ ಹೊಂಟಿದ್ದು ಜನವರಿ ಮೊದಲಿಗೆ, ಎಳ್ಳಮವಾಸಿ ಮುಗದು ಸಂಕ್ರಾಂತಿ ಸಮೀಪ ಬಂದಿತ್ತು. ಗದಗ ರೋಡಿನ್ಯಾಗ ರೈಲ್ವೆ ಹೆಡ್ ಆಫೀಸ್ ದಾಟಿದ ಮ್ಯಾಲ ಒಂದ ಪೆಟ್ರೋಲ್ ಪಂಪಿನ್ಯಾಗ ಕೂಡಿದ್ವಿ, ಇನ್ನೂ ಕತ್ತಲಿ, ಥಂಡಿಗೆ ಕೈ ಸೆಟದಿದ್ದವು. ಲೀಡ್ ನಮ್ಮ ಅಕ್ಕೋರು. ಧಾರವಾಡದಾಗ ಸಾಲಿ ಕಲಸ್ತಾರ, ಹಿಮಾಲಯನ್ ಗಾಡಿ ಇಟ್ಟಾರ, ಕ್ಲಬ್ಬಿನ್ಯಾಗೂ ಎಲ್ಲಾರೂ ಅಕ್ಕೋರ ಅಂತನ ಕರೀತಾರ. ಅವರಿಗಿಂತ ಚೊಲೊ ಲೀಡ್ ನಾ ನೋಡಿಲ್ಲ, ಯಾಕಂದ್ರ ಅವರು ಹಂಪ್ ದಾಟಿದ ಮ್ಯಾಲ ಸ್ಪೀಡ್ ಏರ್ಸೂದಿಲ್ಲ, ಕನ್ನಡಿ ನೋಡ್ಕೋತ 30ರಾಗ ಹೋಗ್ತಾರ, ಲೈನ್ ಪೂರಾ ಬಂತು ಅಂದಾಗ ಎಡಗೈ ಎತ್ತಿ ಒಂದ ಸಲ ಬೀಸ್ತಾರ, ಆಮ್ಯಾಲ ಗಾಡಿ ಬಿಡೋದು. ಎರಡನೇ ಗಾಡಿ ಕಾಕಾರ ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ ಮುಚ್ಚಿದ್ದು 1996ರಾಗ, ಅದಕೂ ಮೊದಲಿನ ಗಾಡಿ ಅದು, ಇವತ್ತಿಗೂ ಒಂದ ಕಿಕ್ಕಿಗೆ ಚಾಲೂ. ನನ್ನ ಮುಂದ, ಅಂದ್ರ ಕೊನಿಯಿಂದ ಎರಡನೇದು, ಹೊಸಾ ಹುಡುಗ, ತಮ್ಮ ಅಪ್ಪನ ಹಳೇ ಸ್ಪ್ಲೆಂಡರ್ ತಗೊಂಡು ಬಂದಿದ್ದ.

ಮೂಡಣದ ರೈಡಿಗೆ ಒಂದ ತೊಂದ್ರಿ ಐತಿ, ಅದನ್ನ ಮುಚ್ಚಿಡೂದಿಲ್ಲ. ಮುಂಜಾನೆ ಸೂರ್ಯಾ ಕಣ್ಣಾಗ, ಸಂಜೀಕ ತಿರುಗಿ ಬರುವಾಗೂ ಕಣ್ಣಾಗ. ಅಣ್ಣಿಗೇರಿ ಹತ್ರ ಬರೋಷ್ಟೊತ್ತಿಗೆ ಸೂರ್ಯಾ ಸೀದಾ ರಸ್ತಾದ ಮ್ಯಾಲ ಕುಂತಿರ್ತಾನ, ಎದುರಿನ ಲಾರಿ ಬರೇ ಕರೀ ನೆರಳು, ವೈಸರ್ ಮ್ಯಾಲಿನ ಗೀರೆಲ್ಲಾ ಬೆಳ್ಳಗ ಹೊಳೀತಾವ. ಅದಕ್ಕ ಇಲ್ಲಿ ನಾವು ಅಂತರ ಹೆಚ್ಚು ಮಾಡ್ತೀವಿ. ನೆಟ್ಟಗಿನ ರಸ್ತಾದಾಗ ಒಬ್ಬರು ಲೇನಿನ ಬಲಕ್ಕ, ಮುಂದಿನಾಂವ ಎಡಕ್ಕ, ಹಂಗ ಓರಿ ಓರಿ ಹೋಗೋದು ರೂಢಿ, ನಿನ್ನ ನೆಟ್ಟಗ ಮುಂದ ಇರೋ ಗಾಡಿಗೂ ನಿನಗೂ ಎರಡ ಸೆಕೆಂಡಿನ ಅಂತರ ಬೇಕ. ಸೂರ್ಯಾ ಎದುರಿಗಿದ್ರ, ಧೂಳಿದ್ರ, ಅದು ನಾಕ ಸೆಕೆಂಡ್. ತಿರುವಿನ ರಸ್ತಾದಾಗ ಓರಿ ಗೀರಿ ಏನಿಲ್ಲ, ಒಬ್ಬರ ಹಿಂದ ಒಬ್ಬರು, ತಿರುವಿಗೆ ಬೇಕಾದಷ್ಟು ರಸ್ತಾ ಪ್ರತಿಯೊಬ್ಬರಿಗೂ ಪೂರಾ ಸಿಗಬೇಕು.

ಆದ್ರ ಆ ಬೆಳಕಿನ್ಯಾಗ ಆ ಎರಿಭೂಮಿ! ನೋಡಿದವರಿಗೇ ಗೊತ್ತು. ಎರಡೂ ಬಾಜೂಕ ಬಿಳಿಜ್ವಾಳ ಆಳೆತ್ತರ, ತೆನ್ಯಾಗ ಹಾಲಗಾಳು, ನಡುವ ಕಡ್ಲಿ, ಬದುವಿನ ಗುಂಟ ಕುಸುಬಿ ಸಾಲು, ಹಳದಿ-ಕೇಸರಿ ಹೂ ಬಿಟ್ಟಿತ್ತು. ಕುಸುಬಿ ಮುಳ್ಳಿಗೆ ದನ ಹೊಲಕ್ಕ ಇಳಿಯೂದಿಲ್ಲ, ಅದಕ್ಕ ಅಂಚಿಗೆ ಹಾಕ್ತಾರ. ಹೆಲ್ಮೆಟ್ಟಿನ ಒಳಗೂ ಆ ಹಸೀ ವಾಸನಿ ಬರ್ತೈತಿ. ಕಾರಿನ್ಯಾಗ ಹೋದವರಿಗೆ ಇದು ಕಿಟಕಿ ಆಚಿನ ಹೊಲ, ನಮಗ ನಾವ ಹೊಲದಾಗ ಹೊಂಟಂಗ.

ಗದಗಿನ್ಯಾಗ ನಾಷ್ಟಾ. ಮಿರ್ಚಿ, ಬದನೀಕಾಯಿ ಭಜಿ, ಇಡ್ಲಿ, ಚಾ. ಬದನೀಕಾಯಿ ಭಜಿ ಗದಗಿಂದ ಬೇರೆನ, ಅಷ್ಟ ಹೇಳಿ ಬಿಡ್ತೀನಿ. ಅಲ್ಲಿಂದ ಹೈವೇ ಬಿಟ್ಟು ಡಂಬಳದ ರಸ್ತಾ.

ನಾ ಹೇಳೋ ಮಾತು ಇಲ್ಲಿಂದ ಖರೇ ಆಗ್ತೈತಿ. ಈ ರಸ್ತಾದಾಗ ಜೋರ ಹೋಗಾಕ ಆಗೂದ ಇಲ್ಲ. ರಸ್ತಾ ಕೆಟ್ಟೈತಿ ಅಂತಲ್ಲ, ರಸ್ತಾ ಬರೇ ಗಾಡಿಗೆ ಅಂತ ಇಲ್ಲ ಇಲ್ಲಿ. ತೊಗರಿ ಕೊಯ್ಲು ನಡದಿರ್ತೈತಿ, ಅರ್ಧಾ ಡಾಂಬರಿನ ಮ್ಯಾಲ ತೊಗರಿ ಕಟಗಿ ಹರವಿರ್ತಾರ, ಅದರ ಅಂಚಿಗೆ ಕಲ್ಲು ಇಟ್ಟಿರ್ತಾರ. ಆ ಹೊಟ್ಟಿನ ಮ್ಯಾಲ ಟಯರ್ ಹೋದ್ರ ಜಾರ್ತೈತಿ, ಬ್ರೇಕ್ ಮುಟ್ಟಬಾರದು, ಗಾಡಿ ನೆಟ್ಟಗಿಟ್ಟು ಎಕ್ಸಲೇಟರ್ ಒಂದ ಸಮ ಹಿಡದು ದಾಟಬೇಕು. ಮುಂದ ಹೋದ್ರ ಕುರಿ. ನೂರಾರು ಕುರಿ, ಮುಂದ ಒಬ್ಬ, ಹಿಂದ ಒಬ್ಬ, ಹೆಗಲಿಗೆ ಕಂಬಳಿ, ಕುದುರಿ ಮ್ಯಾಲ ಸಾಮಾನು, ಒಂದ ಊರ ಹೊಲದಾಗ ಕುರಿ ನಿಲ್ಲಿಸಿ ಗೊಬ್ಬರ ಕೊಟ್ಟು ಇನ್ನೊಂದು ಊರಿಗೆ ಹೊಂಟಿರ್ತಾರ. ಹಾರ್ನ್ ಹೊಡದ್ರ ಕುರಿ ಚೆದುರ್ತಾವ, ಅವರ ಅರ್ಧಾ ತಾಸಿನ ಕೆಲಸ ಹೆಚ್ಚಾಗ್ತೈತಿ. ಅದಕ್ಕ ಅಕ್ಕೋರು ಇಂಜಿನ್ ಬಂದ್ ಮಾಡಿ ನಿಂತ್ರು, ಹಿಂದಿನವರೆಲ್ಲಾ ಬಂದ್ ಮಾಡಿದ್ವಿ. ಕುರಿ ಗಾಡಿಗಳ ನಡುವ ನುಸುಳಿ, ಕಾಲಿಗೆ ಮೈ ತಿಕ್ಕಿ ಹೋದವು. ಕೊನಿಗೆ ಬಂದ ಕುರುಬ ಅಜ್ಜ ನನ್ನ ಹತ್ರ ನಿಂತು, "ಚೊಲೊ ಮಾಡಿದ್ರಿ ತಮ್ಮಾ, ಮಂದಿ ನಿಲ್ಲೂದಿಲ್ಲ" ಅಂದ. ಅಷ್ಟೊತ್ತಿಗೆ ನಮ್ಮ ಇಪ್ಪತ್ತೂ ಗಾಡಿ ಒಂದ ಜಾಗಾದಾಗ ಇದ್ದವು. ಘಾಟಿನ್ಯಾಗ ಮಧ್ಯಾಹ್ನ ಊಟದ ಹೊತ್ತಿಗೆ ಮಾತ್ರ ಒಬ್ಬರ ಮಾರಿ ಒಬ್ಬರು ನೋಡ್ತೀವಿ, ಇಲ್ಲಿ ರಸ್ತಾನ ತಾಸಿಗೊಮ್ಮೆ ನಮ್ಮನ್ನ ಕೂಡಸ್ತೈತಿ.

ಡಂಬಳದಾಗ ದೊಡ್ಡಬಸಪ್ಪನ ಗುಡಿ ನೋಡದ ಮುಂದ ಹೋಗೂದಿಲ್ಲ, ಇದು ನನ್ನ ಹಟ. ಕಲ್ಯಾಣ ಚಾಲುಕ್ಯರ ಕಾಲದ್ದು. ಗರ್ಭಗುಡಿಯ ಹೊರಗಿನ ಗ್ವಾಡಿ 24 ಮೂಲಿಯ ನಕ್ಷತ್ರ, ಸುತ್ತ ನಡಕೋತ ಹೋದ್ರ ಗ್ವಾಡಿ ಎಲ್ಲೂ ಸಪಾಟ ನಿಲ್ಲೂದಿಲ್ಲ, ಒಂದ ಮೂಲಿಗೆ ಬಿಸಲು, ಒಂದಕ್ಕ ನೆರಳು, ಮತ್ತ ಬಿಸಲು, ಆ ಮೂಲಿ ಹಂಗ ಶಿಖರದ ತುದಿ ಮಟ ಏರಿ ಹೋಗ್ತಾವ. ಒಂದ ಚೌಕವನ್ನ ಸ್ವಲ್ಪ ಸ್ವಲ್ಪ ತಿರುವ್ಕೋತ ಹೋಗಿ ಇಷ್ಟ ಮೂಲಿ ತಗದಾರ. ಹುಡುಗ್ರು ಮೊದಲ ಫೋಟೋಕ್ಕ ಅಂತ ಇಳದ್ರು, ಆಮ್ಯಾಲ ಫೋನ್ ಕಿಸೆದಾಗ ಇಟ್ಟು ಮೂಲಿ ಎಣಿಸಾಕ ಹತ್ತಿದ್ರು, ಒಬ್ಬಾಂವ ಎರಡ ಸಲ ಸುತ್ತಿದ.

ಡಂಬಳದಿಂದ ಡೋಣಿ ಕಡೆ ಹೊಂಟ್ರ ಗುಡ್ಡ ಎದುರಿಗೆ ಅಡ್ಡ ಮಲಗಿರ್ತೈತಿ. ಕಪ್ಪತಗುಡ್ಡ ಒಂದ ಗುಡ್ಡ ಅಲ್ಲ, ಸಾಲು. ಗದಗಿನ ಹತ್ರ ಬಿಂಕದಕಟ್ಟಿಯಿಂದ ಶುರು ಆಗಿ ತುಂಗಭದ್ರಾ ದಂಡಿಯ ಸಿಂಗಟಾಲೂರು ಮಟ, ಗದಗ, ಮುಂಡರಗಿ, ಶಿರಹಟ್ಟಿ ಸೀಮಿ ಮ್ಯಾಲ ಹಾಯ್ದು ಹೋಗ್ತೈತಿ. ಬೋಳು ಅನ್ನೋರು ಕೆಳಗಿಳದು ನೋಡ್ಬೇಕು. ಔಷಧಿ ಗಿಡಕ್ಕ ಹೆಸರಾದ ಗುಡ್ಡ ಇದು, ವೈದ್ಯರು ದೂರದಿಂದ ಹುಡುಕ್ಕೋತ ಬರ್ತಿದ್ರು. ಇಲ್ಲಿ ಕತ್ತೆಕಿರುಬ ಅದಾವ, ತೋಳ, ಚಿರತಿ, ಕೊಂಡಕುರಿ, ನವಿಲಂತೂ ರಸ್ತಾದಾಗ. ಮತ್ತ ಈ ಗುಡ್ಡ ಸುಮ್ನ ಉಳದಿಲ್ಲ. 2015ರಾಗ ಸರಕಾರ ಸಂರಕ್ಷಿತ ಪ್ರದೇಶ ಅಂತ ಮಾಡ್ತು, 2016ರಾಗ ಅದನ್ನ ವಾಪಸ್ ತಗೊಂತು. ಆವಾಗ ಗದಗಿನ ಮಂದಿ ಎದ್ದು ನಿಂತ್ರು, ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದ ನಿಂತ್ರು, ರೈತರು, ಸಾಹಿತಿಗಳು, ಕಾಲೇಜ್ ಹುಡುಗ್ರು ಎಲ್ಲಾ ರಸ್ತಾಕ್ಕ ಇಳದ್ರು, 2017ರಾಗ ಮತ್ತ ಸಂರಕ್ಷಣಿ ಕೊಟ್ರು, 2019ರಾಗ 244 ಚದರ ಕಿಲೋಮೀಟರಿನ ವನ್ಯಜೀವಿ ಧಾಮ ಆತು. ನಾವು ಗಾಡಿ ತಗೊಂಡು ಮ್ಯಾಲ ಹೋಗಿ ಗಾಳಿ ಕುಡದು ಬರ್ತೀವಲ್ಲ, ಅದು ಆ ಮಂದಿ ಬಿಸಲಾಗ ಕುಂತಿದ್ದರ ಫಲ. ಹಂಗಾಗಿ ಗುಡ್ಡ ಹತ್ತೋಕಿಂತ ಮೊದಲ ಡೋಣ್ಯಾಗ ಎಲ್ಲಾರನ್ನೂ ನಿಲ್ಲಿಸಿ ಅಕ್ಕೋರು ಇದನ್ನೆಲ್ಲಾ ಹೇಳ್ತಾರ, ಆಮ್ಯಾಲ ಕಾನೂನು: ಡಾಂಬರ್ ಬಿಟ್ಟು ಗಾಡಿ ಇಳಿಸಬಾರದು, ಬೀಡಿ-ಸಿಗರೇಟ್ ಬಂದ್, ಪ್ಲಾಸ್ಟಿಕ್ ವಾಪಸ್ ತರಬೇಕು, ಅರಣ್ಯ ಇಲಾಖೆಯವರು ಏನ್ ಹೇಳ್ತಾರೋ ಅದು. ಜನವರಿ ಅಂದ್ರ ಹುಲ್ಲು ಒಣಗಾಕ ಹತ್ತಿರ್ತೈತಿ, ಒಂದ ಕಿಡಿ ಬಿದ್ರ ಆ ಗಾಳಿಗೆ ಗುಡ್ಡಕ್ಕ ಗುಡ್ಡನ ಸುಡ್ತೈತಿ. ಬ್ಯಾಸಗಿಗೆ ಮೊದಲ ಬೆಂಕಿ ಬಿದ್ದ ಸುದ್ದಿ ಓದಿದಾಗೆಲ್ಲ ಹೊಟ್ಟಿ ಉರೀತೈತಿ ನನಗ.

ಗಾಳಿ ಅಂದ್ನೆಲ್ಲ, ಅದು ಇಲ್ಲಿನ ಖರೇ ಪರೀಕ್ಷೆ. ಫ್ಯಾನ್ ಸುಮ್ನ ಹಾಕಿಲ್ಲ ಅಲ್ಲೆ. ಗುಡ್ಡ ಗಾಳಿಗೆ ಅಡ್ಡ ಇದ್ದಾಗ ಏನೂ ಗೊತ್ತಾಗೂದಿಲ್ಲ, ಒಂದ ತಿರುವು ದಾಟಿ ಬಯಲಿಗೆ ಬಂದ ಕೂಡ್ಲೆ ಬಾಜೂಲಿಂದ ದೂಡ್ತೈತಿ, ಹಗುರ ಗಾಡಿ ಅರ್ಧಾ ಲೇನ್ ಸರೀತೈತಿ. ಹೊಸಬ್ರು ಆವಾಗ ಹ್ಯಾಂಡಲ್ ಗಟ್ಟಿ ಹಿಡೀತಾರ, ಅದ ಉಲ್ಟಾ. ಕೈ ಸಡಿಲ ಇರಬೇಕು, ಮೊಣಕಾಲ್ಲೆ ಟ್ಯಾಂಕ್ ಒತ್ತಿ ಹಿಡೀಬೇಕು, ಮೈ ಸ್ವಲ್ಪ ಬಗ್ಗಿಸಿ ಗಾಳಿ ಬಂದ ಕಡೆಗೆ ಗಾಡಿ ಒಂಚೂರು ವಾಲ್ಸಿದ್ರ ಅದು ತಾನ ನೆಟ್ಟಗ ಹೋಗ್ತೈತಿ. ತಿರುವಿಗೂ ಅಷ್ಟ, ಬ್ರೇಕು-ಗೇರು ಎಲ್ಲಾ ತಿರುವಿನ ಮೊದಲ ಮುಗಿಸಿ, ಎಲ್ಲಿಗೆ ಹೋಗಬೇಕೋ ಅಲ್ಲಿ ಕಣ್ಣಿಡಬೇಕು. ಖಡಿ ನೋಡಿದ್ರ ಖಡಿ ಮ್ಯಾಲನ ಹೋಗ್ತೀರಿ, ತಗ್ಗು ನೋಡಿದ್ರ ತಗ್ಗಿನ್ಯಾಗ.

ಮ್ಯಾಲ ಕಪ್ಪತ ಮಲ್ಲೇಶ್ವರನ ಗುಡಿ. ಅಲ್ಲೆ ನಿಂತು ನೋಡಿದ್ರ ಮುಂಜಾನೆಯಿಂದ ನಾವು ಬಂದ ಸೀಮಿ ಪೂರಾ ಕಾಣಸ್ತೈತಿ, ಕರೀ ಹೊಲ, ಹಸರು ಹೊಲ, ಕೆರಿ. ಎಷ್ಟೊತ್ತು ಕುಂತ್ವಿ ಯಾರೂ ಗಡಿಯಾರ ನೋಡಲಿಲ್ಲ.

ಆ ಕಡೆ ಇಳಿಯುವಾಗ ಸ್ಪ್ಲೆಂಡರ್ ಹುಡುಗನ ಗಾಡಿಯಿಂದ ಕಟ್ ಕಟ್ ಅಂತ ಸಪ್ಪಳ. ನಾ ಹಿಂದನ ಇದ್ದೆ, ಹಾರ್ನ್ ಹೊಡದು ನಿಲ್ಲಿಸಿದೆ. ಇಳುಕಲಿನ್ಯಾಗ ಗೇರಿನ ಮ್ಯಾಲ ಗಾಡಿ ತಡದಾಗ ಚೈನ್ ಹೊಡ್ಕೊಳಾಕ ಹತ್ತಿತ್ತು. ಅಂವಗ ನಾಚಿಕಿ, "ನೀವ ಹೋಗ್ರಿ ಅಣ್ಣಾರ, ನಾ ಹೆಂಗರ ಬರ್ತೀನಿ" ಅಂದ. ಹೆಂಗರ ಯಾಕ ಬರ್ಬೇಕಪಾ, ಅಂತ ಪಾನಾ ತಗದೆ. ಎರಡ ನಿಮಿಷದಾಗ ಮುಂದಿನ ಗಾಡಿ ಎಲ್ಲಾ ನಿಂತಿದ್ವು, ಕಾಕಾರು ನಡಕೋತ ಏರಿ ಬಂದ್ರು, ಯಾರಿಗೂ ಫೋನ್ ಮಾಡಿರಲಿಲ್ಲ.

ಸ್ಪ್ಲೆಂಡರಿನ ಚೈನ್ ಕವರಿನ ಒಳಗ ಮುಚ್ಚಿರ್ತೈತಿ, ಅದಕ್ಕ ಮಂದಿ ನೋಡೂದ ಇಲ್ಲ. ಕವರಿನ್ಯಾಗ ಒಂದ ರಬ್ಬರ್ ಬುಚ್ಚ ಇರ್ತೈತಿ. ಕಾಕಾರು ಅದನ್ನ ತಗದು ಹುಡುಗನ ಬೆರಳನ್ನ ಹಿಡದು ಒಳಗ ಹಾಕಿಸಿದ್ರು. "ಎತ್ತಿ ನೋಡು. ಎಷ್ಟ ಮ್ಯಾಲ-ಕೆಳಗ ಆಡ್ತೈತಿ? ಒಂದ ಇಂಚು ಇದ್ರ ಸರಿ. ಇದು ಎರಡ ಮೀರೈತಿ ನೋಡು." ಆಮ್ಯಾಲ ಹಿಂದಿನ ಗಾಲಿ ನಟ್ ಸಡಿಲ ಮಾಡಿಸಿ, ಎರಡೂ ಬಾಜೂಕ ಅಡ್ಜಸ್ಟರ್ ತಿರುವಿಸಿದ್ರು, ಬಲಕ್ಕ ಎಷ್ಟ ಗೀರೋ ಎಡಕ್ಕೂ ಅಷ್ಟ ಗೀರು, ಇಲ್ಲಾಂದ್ರ ಗಾಲಿ ಓರಿ ಕುಂದರತೈತಿ. ಗಾಲಿ ಒಂದ ಸುತ್ತು ತಿರುವಿ ಮತ್ತ ಬೆರಳು ಹಾಕಿಸಿದ್ರು, ಯಾಕಂದ್ರ ಚೈನ್ ಎಲ್ಲಾ ಕಡೆ ಒಂದ ಸಮ ಸವದಿರೂದಿಲ್ಲ, ಎಲ್ಲಿ ಬಿಗಿ ಐತೋ ಅಲ್ಲೆ ಅಳಿಬೇಕು. ನಟ್ ಬಿಗದ ಮ್ಯಾಲ ಹುಡುಗ ಎದ್ದು ನಿಂತ. "ಎಲ್ಲಿಗ್ ಹೊಂಟಿ, ಬ್ರೇಕ್ ಯಾರು ನೋಡ್ತಾರ?" ಅಂದ್ರು. ಗಾಲಿ ಹಿಂದ ಸರದ್ರ ಹಿಂದಿನ ಡ್ರಮ್ ಬ್ರೇಕಿನ ರಾಡೂ ಎಳ್ಕೋತೈತಿ, ಪೆಡಲಿನ ಆಟ ಕಮ್ಮಿ ಆಗಿ ಬ್ರೇಕ್ ಹಿಡದ ಇರ್ತೈತಿ, ಇಳುಕಲಿನ್ಯಾಗ ಅದು ಕಾದು ಹೋದ್ರ ಕಷ್ಟ. ಅದರ ನಟ್ಟನ್ನ ಅಂವನ ಕೈಲೆ ಸಡಿಲ ಮಾಡ್ಸಿದ್ರು. ತಾವು ಒಂದ ನಟ್ಟೂ ಮುಟ್ಟಲಿಲ್ಲ. ಹುಡುಗನ ಕೈ ಗ್ರೀಸಿಗೆ ಕರ್ರಗ ಆಗಿತ್ತು, ಮಾರಿ ಮಾತ್ರ ಅರಳಿತ್ತು. ಅಲ್ಲಿಂದ ಮುಂದ ಅಂವ ಗಾಡಿ ಓಡಿಸೋ ರೀತಿನ ಬದಲಾತು, ಭುಜ ಇಳೀತು, ತಿರುವಿನ್ಯಾಗ ತಲಿ ಎತ್ತಿ ನೋಡಾಕ ಹತ್ತಿದ. ನಾ ಹಿಂದ ಇದ್ನೆಲ್ಲ, ನನಗ ಕಂಡಿತು.

ಗುಡ್ಡ ಇಳದ ಮ್ಯಾಲ ಕಡಕೋಳದ ಕಡೆ ಒಂದ ಹೊಲದ ಹತ್ರ ನೀರಿಗೆ ನಿಂತಿದ್ವಿ. ಒಬ್ಬಾಕಿ ಅಜ್ಜಿ ಕಡ್ಲಿ ಕಾಯಾಕ ಕುಂತಿದ್ಲು. "ಎಲ್ಲಿಗ್ ಹೊಂಟೀರಿ ಯಪ್ಪಾ ಇಷ್ಟ್ ಮಂದಿ ಕೂಡಿ?"

"ಎಲ್ಲಿಗೂ ಇಲ್ಲ ಬೇ ಯಮ್ಮಾ, ಸುಮ್ನ ತಿರುಗ್ಯಾಡಾಕ ಬಂದೀವಿ."

"ತಿರುಗ್ಯಾಡಾಕ ಬಂದವರಿಗೆ ಗಡಿಬಿಡಿ ಏನೈತಿ, ಕುಂದರ್ರಿ" ಅಂತ ಒಂದ ತೆಕ್ಕಿ ಹಸೀ ಕಡ್ಲಿಗಿಡ ಕಿತ್ತು ತಂದು ನಡುವ ಹಾಕಿದ್ಲು. ರೊಕ್ಕಾ ಕೊಡಾಕ ಹೋದ್ರ ಸಿಟ್ಟಾದ್ಲು. ಹಸೀ ಕಡ್ಲಿ ಎಲಿ ಮ್ಯಾಲಿನ ಹುಳಿ ಬೆರಳಿಗೆ ಹತ್ತಿ, ಬಾಯಿಗೆ ಹತ್ತಿ, ಮಾತಾಡ್ಕೋತ ಅರ್ಧಾ ತಾಸು ಕುಂತ್ವಿ. ಹೋಗುವಾಗ ಅಕ್ಕೋರನ್ನ ಕರದು, "ನೀನ ಏನವಾ ಇವರನ್ನೆಲ್ಲಾ ಕರಕೊಂಡ ಬಂದಾಕಿ?" ಅಂತ ಕೇಳಿ, ಬೆನ್ನ ಮ್ಯಾಲ ಕೈಯಾಡಿಸಿ ಕಳಿಸಿದ್ಲು.

ಶಿರಹಟ್ಟ್ಯಾಗ ಖಾನಾವಳಿ ಊಟ, ಬಿಸಿ ರೊಟ್ಟಿ, ಎಣಗಾಯಿ, ಹೆಸರಕಾಳು ಪಲ್ಯೆ, ಶೇಂಗಾ ಚಟ್ನಿ, ಮೊಸರು. ಊಟದ ಮ್ಯಾಲ ಒಂದ ತಾಸು ಗಾಡಿ ಹತ್ತೂದಿಲ್ಲ, ಕಣ್ಣು ಎಳೀತಾವ. ಫಕೀರೇಶ್ವರ ಮಠದ ನೆರಳಿನ್ಯಾಗ ಕುಂತ್ವಿ, ಹಿಂದೂ-ಮುಸ್ಲಿಂ ಇಬ್ಬರೂ ನಡಕೊಳೋ ಮಠ ಅದು.

ಆಮ್ಯಾಲ ಮಾಗಡಿ ಕೆರಿ. ಚಳಿಗಾಲದಾಗ ಇಲ್ಲಿಗೆ ಪಟ್ಟೆತಲೆ ಹೆಬ್ಬಾತು ಬರ್ತಾವ, ಬೆಳ್ಳನ ತಲಿ ಮ್ಯಾಲ ಎರಡ ಕರೀ ಪಟ್ಟಿ. ಮಂಗೋಲಿಯಾ, ಲಡಾಖ್ ಕಡೆಯಿಂದ ಹಿಮಾಲಯ ದಾಟಿ ಬಂದು ಮಾರ್ಚ್ ಹೊತ್ತಿಗೆ ಹೊಳ್ಳಿ ಹೋಗ್ತಾವ. ಹಗಲೆಲ್ಲಾ ನೀರಾಗ, ಹೊತ್ತು ಮುಳುಗಿದ ಮ್ಯಾಲ ಸುತ್ತಿನ ಹೊಲಕ್ಕ ಮೇಯಾಕ. 2024ರಾಗ ರಾಮ್ಸಾರ್ ಪಟ್ಟಿಗೂ, ಅಂದ್ರ ಜಗತ್ತಿನ ಮಹತ್ವದ ಕೆರಿ-ಜೌಗು ನೆಲಗಳ ಪಟ್ಟಿಗೂ, ಸೇರೈತಿ ಈ ಕೆರಿ. ಹೊಲದ ಬೆಳಿ ತಿಂದ್ರೂ ಊರವರು ಅವನ್ನ ಬಡಿಯೂದಿಲ್ಲ. ಅಂಥಾ ಊರಿಗೆ ನಾವು ಇಪ್ಪತ್ತು ಗಾಡಿ ಬಡಬಡಿಸ್ಕೋತ ಹೋದ್ರ ಏನ್ ಮರ್ಯಾದಿ ಉಳೀತು? ದೂರದಾಗ ಇಂಜಿನ್ ಬಂದ್ ಮಾಡಿ ನಡಕೋತ ಹೋದ್ವಿ.

ಇದರ ಬಗ್ಗೆ ನನಗ ಗಟ್ಟಿ ಅಭಿಪ್ರಾಯ ಐತಿ, ಹೇಳ್ತೀನಿ. ಸೈಲೆನ್ಸರ್ ಬದಲಿ ಮಾಡಿಸಿ ಫಟ್ ಫಟ್ ಅನಿಸೋ ಗಾಡಿ ನಮ್ಮ ಕ್ಲಬ್ ರೈಡಿಗೆ ಬರಂಗಿಲ್ಲ. ಇದಕ್ಕ ಕೆಲವು ಮೆಂಬರ್ ಬಿಟ್ಟು ಹೋದ್ರು, ಹೋಗ್ಲಿ. ಒಂದ ಗಾಡಿ ಅಂದ್ರ ಮಂದಿ ಸಹಿಸ್ಕೋತಾರ, ಇಪ್ಪತ್ತು ಕೂಡಿದ್ರ ಊರಾಗ ತೊಟ್ಟಲಾಗ ಮಲಗಿದ ಕೂಸು ಏಳ್ತೈತಿ, ಕಟ್ಟಿದ ಎತ್ತು ಬೆದರ್ತಾವ, ಹಾಸಿಗಿ ಹಿಡದ ಮುದುಕ್ರು ಇರ್ತಾರ. ರಸ್ತಾದ ಮ್ಯಾಲ ತೊಗರಿ ಹಾಕಿದ ರೈತ ನಮಗ ಬಾಜೂಕ ಸರಿಸಿ ದಾರಿ ಕೊಡ್ತಾನ, ಕುರುಬ ಅಜ್ಜ ಮಾತಾಡಸ್ತಾನ, ಅಜ್ಜಿ ಕಡ್ಲಿ ಕೊಡ್ತಾಳ. ಮುಂದಿನ ಸಲಾನೂ ಅವರು ಹಂಗ ಮಾಡಬೇಕಂದ್ರ ನಾವು ಬಂದು ಹೋಗಿದ್ದು ಅವರಿಗೆ ತ್ರಾಸ ಆಗಬಾರದು.

ಲಕ್ಷ್ಮೇಶ್ವರ ದಾಟಿ ಗುಡಗೇರಿ ಹಿಡದಾಗ ಹೊತ್ತು ಇಳದಿತ್ತು, ಸೂರ್ಯಾ ಎಡಗಣ್ಣಿಗೆ. ಇಲ್ಲಿ ಮಾತ್ರ ಹುಡುಗ್ರು ಕೇಳಿದ್ರು, ನೆಟ್ಟಗ ರಸ್ತಾ ಐತಿ, ಒಂಚೂರು ಮುಂದ ಹೋಗ್ಲೇನ್ರಿ ಅಂತ. ದಿನಾ ಪೂರ್ತಿ ತಡಕೊಂಡು ಬಂದಾರ, ಹೋಗ್ರಿ ಅಂದ್ವಿ, ಕುಂದಗೋಳದ ಚಾದಂಗಡ್ಯಾಗ ಕಾಯಬೇಕು ಅಂತ ಮಾತಾಗಿ. ಅವರ ಆಸೆನೂ ನ್ಯಾಯದ್ದನ, ಅದಕ್ಕೂ ಒಂದ ಜಾಗಾ ಬೇಕು. ಆದ್ರ ಕತ್ತಲಾಗೋ ಹೊತ್ತಿಗೆ ಈ ಕಡೆ ಟ್ರ್ಯಾಕ್ಟರ್ ಟ್ರೇಲಿ ಬರ್ತಾವ, ಹಿಂದ ಲೈಟ್ ಇಲ್ಲ, ರಿಫ್ಲೆಕ್ಟರ್ ಇಲ್ಲ, ಮೇವು ಅಗಲಕ್ಕ ಹೇರಿರ್ತಾರ, ಬರೇ ಕತ್ತಲಿ ಒಂದ ತುಂಡು ಮುಂದ ಸರದಂಗ. ಹಂಗಾಗಿ ಹೊತ್ತು ಮುಳುಗೋದ್ರಾಗ ಕುಂದಗೋಳ ಮುಟ್ಟಬೇಕು ಅನ್ನೋದು ಪಕ್ಕಾ.

ಕುಂದಗೋಳದಾಗ ಕಾಕಾರು ಪ್ರತೀ ಸಲ ಹೊಸಬ್ರಿಗೆ ಸವಾಯಿ ಗಂಧರ್ವರ ಊರ ಇದು ಅಂತ ಹೇಳ್ತಾರ, ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿಗೆ ಬಂದು ಅವರ ಹತ್ರ ಹಾಡು ಕಲತು ರೈಲಿಗೆ ಹೊಳ್ಳಿ ಹೋಗ್ತಿದ್ರು ಅಂತ. ಚಾ ಕುಡಿಯುವಾಗ ಸ್ಪ್ಲೆಂಡರ್ ಹುಡುಗ ಎದ್ದು ಬಂದು ಕೇಳಿದ, "ಅಣ್ಣಾರ, ಇಲ್ಲಿಂದ ಹುಬ್ಬಳ್ಳಿ ಮಟ ನಾ ಸ್ವೀಪ್ ಇರ್ಲೇನ್ರಿ?" ಪಾನಾದ ಚೀಲಾ ಅವನ ಗಾಡಿಗೆ ಕಟ್ಟಿದೆ, ನಾ ಅವನ ಮುಂದ ಹೋದೆ, ಕನ್ನಡ್ಯಾಗ ಅವನ ಹೆಡ್‌ಲೈಟ್ ಹುಬ್ಬಳ್ಳಿ ಮಟ ಒಂದ ಸಮ ಇತ್ತು.

ಮುಂದಿನ ಸಲ ಇದ ದಾರಿ ಶ್ರಾವಣದಾಗ ಹೋಗೋದು ಅಂತ ಮಾತಾಡೀವಿ, ಗುಡ್ಡ ಹಸರಾಗಿರ್ತೈತಿ, ಗಾಳಿ ಇನ್ನೂ ಜೋರ ಇರ್ತೈತಿ, ಎರಿಮಣ್ಣು ರಸ್ತಾಕ್ಕ ಬಂದಿದ್ರ ಮಡ್‌ಗಾರ್ಡಿನ್ಯಾಗ ಸಿಕ್ಕಿ ಗಾಲಿ ಹಿಡಿಯೋ ಸಂಭವ ಐತಿ, ಅದಕ್ಕ ದಿನಾ ನೋಡಿ ಹೇಳ್ತೀವಿ. 100 ಸಿಸಿ ಗಾಡಿ ಇದ್ರೂ ಬರ್ರಿ, ಸ್ಕೂಟಿ ಇದ್ರೂ ಬರ್ರಿ. ಹೆಲ್ಮೆಟ್ ಪೂರ್ತಿ ಮಾರಿ ಮುಚ್ಚೋದಿರಲಿ, ಸೈಲೆನ್ಸರ್ ಕಂಪನಿದ ಇರಲಿ, ಹಿಂದಿನ ದಿನ ಗಾಳಿ, ಬ್ರೇಕು, ಲೈಟು ನೋಡ್ಕೋರಿ, ಚೈನ್ ಇದ್ರ ಬುಚ್ಚ ತಗದು ಬೆರಳು ಹಾಕಿ ನೋಡ್ರಿ. ಎರಡೂ ಕನ್ನಡಿ ಇಲ್ಲದ ಗಾಡಿ ಮಾತ್ರ ತರಬ್ಯಾಡ್ರಿ.